ಡೋಪಿಂಗ್ ಆರೋಪ: ಕ್ರೀಡಾಪಟುವಿನ ಪರ ವಾದ ಎಲ್ಲಿ ಗೆಲ್ಲುತ್ತದೆ, ಎಲ್ಲಿ ಸೋಲುತ್ತದೆ?

ಕಳ್ಳತನದ ಕೇಸಿನಲ್ಲಿ ಆರೋಪ ಸಾಬೀತು ಮಾಡಬೇಕಾದವರು ಆರೋಪ ಹೊರಿಸಿದವರು. ಡೋಪಿಂಗ್ ಕೇಸಿನಲ್ಲಿ ಹಾಗಲ್ಲ. ಮೂತ್ರದಲ್ಲಿ ನಿಷೇಧಿತ ಮದ್ದು ಸಿಕ್ಕರೆ ಸಾಕು, ಅದು ಮೈಯೊಳಗೆ ಹೇಗೆ ಬಂತೆಂದು ಕ್ರೀಡಾಪಟುವೇ ತೋರಿಸಿಕೊಡಬೇಕು. ಇಷ್ಟು ಬಿಗಿ ನಿಯಮ ಯಾಕೆ ಬಂತು?

ಸೈಕಲ್ ರೇಸಿನ ಇತಿಹಾಸ ನೋಡೋಣ. 1967ರ ಜುಲೈ 13ರಂದು ಟೂರ್ ಡಿ ಫ್ರಾನ್ಸ್‌ನಲ್ಲಿ ಬೆಟ್ಟ ಹತ್ತುತ್ತಿದ್ದ ಬ್ರಿಟನ್ನಿನ ಟಾಮ್ ಸಿಂಪ್ಸನ್ ಕುಸಿದು ಪ್ರಾಣ ಬಿಟ್ಟರು. ಅವರ ದೇಹದಲ್ಲಿ ಉತ್ತೇಜಕ ಮದ್ದು ಆಂಫೆಟಮೈನ್ ಇತ್ತು. 1998ರಲ್ಲಿ ಫೆಸ್ಟಿನಾ ಸೈಕಲ್ ತಂಡದ ಕಾರಿನಲ್ಲೇ ಮದ್ದಿನ ದಾಸ್ತಾನು ಸಿಕ್ಕಿತು. ಮರುವರ್ಷ ವಿಶ್ವ ಡೋಪಿಂಗ್ ವಿರೋಧಿ ಸಂಸ್ಥೆ ‘ವಾಡಾ’ ಹುಟ್ಟಿತು. ‘ನನಗೆ ಗೊತ್ತಿರಲಿಲ್ಲ’ ಎಂಬ ಮಾತೊಂದೇ ಇನ್ನು ಯಾರನ್ನೂ ಪಾರುಮಾಡುವಂತಿರಲಿಲ್ಲ.

ಹಾಗಾದರೆ ಆರೋಪಿಯ ಪರ ವಾದ ಗೆಲ್ಲುವುದೇ ಇಲ್ಲವೇ? ಎರಡು ಕೇಸು ನೋಡಿ.

2010ರ ಟೂರ್ ಗೆದ್ದ ಸ್ಪೇನಿನ ಆಲ್ಬರ್ಟೊ ಕಾಂಟಡೋರ್ ಮೂತ್ರದಲ್ಲಿ ನಿಷೇಧಿತ ಮದ್ದು ಕ್ಲೆನ್‌ಬ್ಯೂಟೆರಾಲ್‌ನ ಅತ್ಯಲ್ಪ ಅಂಶ ಸಿಕ್ಕಿತು. ತಿಂದ ದನದ ಮಾಂಸದಿಂದ ಬಂತು ಎಂದು ಅವರು ವಾದಿಸಿದರು. ಸ್ಪೇನಿನ ಸೈಕ್ಲಿಂಗ್ ಒಕ್ಕೂಟ ಒಪ್ಪಿತು. ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯ ಒಪ್ಪಲಿಲ್ಲ. ಮಾಂಸಕ್ಕಿಂತ ಕಲಬೆರಕೆಯ ಸಪ್ಲಿಮೆಂಟಿನಿಂದ ಬಂದಿರುವ ಸಾಧ್ಯತೆಯೇ ಹೆಚ್ಚು ಎಂದು 2012ರಲ್ಲಿ 2 ವರ್ಷ ನಿಷೇಧಿಸಿತು. ಪ್ರಶಸ್ತಿಯೂ ಹೋಯಿತು.

2017ರಲ್ಲಿ ಬ್ರಿಟನ್ನಿನ ಸೈಕ್ಲಿಸ್ಟ್ ಕ್ರಿಸ್ ಫ್ರೂಮ್ ಅವರ ಮೂತ್ರದ ಮಾದರಿಯಲ್ಲಿ ಉಬ್ಬಸದ ಮದ್ದು ಸಾಲ್‌ಬ್ಯುಟಮಾಲ್ ಮಿತಿ ಮೀರಿತ್ತು. ಅವರ ಕಡೆಯವರು ವೈಜ್ಞಾನಿಕ ದಾಖಲೆಗಳನ್ನು ಮುಂದಿಟ್ಟರು. 2018ರ ಜುಲೈನಲ್ಲಿ ಕೇಸು ಮುಗಿಯಿತು, ಶಿಕ್ಷೆಯಾಗಲಿಲ್ಲ.

ಈಗ ನಮ್ಮ ಕರ್ನಾಟಕಕ್ಕೆ ಬರೋಣ. ಉಡುಪಿ ಜಿಲ್ಲೆಯ ಓಟಗಾರ್ತಿ ಅಶ್ವಿನಿ ಅಕ್ಕುಂಜಿ 2010ರ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ ಎರಡರಲ್ಲೂ ಚಿನ್ನ ಗೆದ್ದವರು. 2011ರಲ್ಲಿ ಅವರೂ ಸಹ-ಓಟಗಾರ್ತಿಯರೂ ಸ್ಟೆರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ವಿದೇಶಿ ಕೋಚ್ ಕೊಟ್ಟ ಜಿನ್ಸೆಂಗ್ ಸಪ್ಲಿಮೆಂಟೇ ಕಾರಣ ಎಂಬುದು ಅವರ ವಾದ. ಭಾರತದ ಶಿಸ್ತು ಸಮಿತಿ ಕನಿಕರ ತೋರಿ 1 ವರ್ಷದ ನಿಷೇಧ ಹಾಕಿತು. 2012ರಲ್ಲಿ ಕ್ರೀಡಾ ನ್ಯಾಯಾಲಯ ಅದನ್ನು 2 ವರ್ಷಕ್ಕೆ ಏರಿಸಿತು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು. ಕೋಚ್ ಮೇಲಿಟ್ಟ ನಂಬಿಕೆಯ ಬೆಲೆ ತೆತ್ತವರು ಆಟಗಾರ್ತಿಯರು.

2015ರಿಂದ ಸ್ಟೆರಾಯ್ಡ್‌ನಂಥ ಮದ್ದಿಗೆ ಮೂಲ ಶಿಕ್ಷೆಯೇ 4 ವರ್ಷ. ನಮ್ಮ ದೇಶದಲ್ಲಿ 2022ರಲ್ಲಿ ಡೋಪಿಂಗ್ ತಡೆಗೆಂದೇ ಕಾಯ್ದೆ ಬಂತು.

ಆರೋಪಿಯ ಪರ ನಿಲ್ಲುವುದೆಂದರೆ ಡೋಪಿಂಗ್ ಪರ ನಿಲ್ಲುವುದಲ್ಲ. ಅದೇ ಮೂತ್ರದ ಎರಡನೇ ಬಾಟಲಿಯಾದ ಬಿ ಮಾದರಿ ತೆರೆಸುವ ಹಕ್ಕು, ವಕೀಲರನ್ನು ಇಟ್ಟುಕೊಳ್ಳುವ ಹಕ್ಕು, ಮೇಲ್ಮನವಿಯ ಹಕ್ಕು ನಿಯಮದಲ್ಲೇ ಇವೆ. ಅವು ಬಡ ಮನೆಯ ಹುಡುಗರಿಗೂ ಸಿಗಬೇಕು. ತೀರ್ಪು ಬರುವ ಮುನ್ನ ಊರವರು ‘ಕಳ್ಳ’ ಎಂದು ಹಣೆಪಟ್ಟಿ ಹಚ್ಚಬಾರದು.

ಬೀದರ್, ಭಾಲ್ಕಿ, ಔರಾದ್‌ನಲ್ಲಿ ಸೈಕಲ್ ತುಳಿಯುವ, ಓಡುವ, ಜಿಮ್‌ಗೆ ಹೋಗುವ ತಮ್ಮ ತಂಗಿಯರೇ, ಯಾರೋ ಕೊಟ್ಟರೆಂದು ಡಬ್ಬಿಯ ಪುಡಿ ನುಂಗಬೇಡಿ. ತೆಗೆದುಕೊಳ್ಳಲೇಬೇಕಾದರೆ ಬಿಲ್ ಮತ್ತು ಬ್ಯಾಚ್ ನಂಬರ್ ಇಟ್ಟುಕೊಳ್ಳಿ. ನಾನು ಕ್ರೀಡಾಪಟು ಎಂದು ಡಾಕ್ಟರಿಗೆ ಮೊದಲೇ ಹೇಳಿ, ಚೀಟಿ ಕಾಪಾಡಿ. ಇತ್ತೀಚಿನ ದಿನಗಳಲ್ಲಿ ನುಂಗಿದ ಪ್ರತಿ ಮಾತ್ರೆಯನ್ನೂ ಪರೀಕ್ಷೆಯ ದಿನ ಫಾರ್ಮಿನಲ್ಲಿ ಬರೆಯಿರಿ. ನಾಳೆ ಆರೋಪ ಬಂದರೆ ನಿಮ್ಮ ಪರ ಸಾಕ್ಷಿ ಹೇಳುವುದು ಈ ಕಾಗದಗಳೇ.