ಗರ್ಭಕೋಶದ ಜಾರುವಿಕೆ: ದಂಪತಿಗಳಿಗೆ ಕೆಲವು ಮಾತುಗಳು

(ಗ್ರಾಮೀಣ ದಂಪತಿಗಳ ಶಿಬಿರದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ ಮಾಡಿದ ಭಾಷಣ)



ಹೆರಿಗೆ, ಬಾಣಂತನ, ಮಗುವಿನ ಆರೈಕೆ ಇವುಗಳನ್ನು ಕುರಿತು ಇಂತಹ ಶಿಬಿರಗಳಲ್ಲಿ ನೀವು ಅನೇಕ ಸಲ ಕೇಳಿದ್ದೀರಿ. ಹೆಂಗಸರು ಹೆತ್ತ ತಾಯಿಯ ಮುಂದೆಯೂ ಹೇಳಲು ಸಂಕೋಚಪಡುವ ಒಂದು ತೊಂದರೆಯನ್ನು ಕುರಿತು ಇಂದು ಮಾತನಾಡುತ್ತೇನೆ. ಅದೇ ಗರ್ಭಕೋಶದ ಜಾರುವಿಕೆ. ಗಂಡಸರು ಎದ್ದು ಹೋಗಬಾರದೆಂದು ಮೊದಲೇ ಕೇಳಿಕೊಳ್ಳುತ್ತೇನೆ. ತೊಂದರೆಯು ಹೆಂಡತಿಯ ದೇಹದಲ್ಲಿದ್ದರೂ ಅದರ ಪರಿಹಾರಕ್ಕೆ ಗಂಡನ ತಿಳುವಳಿಕೆಯೂ ಬೇಕು.

ಅಡಿಗೆಮನೆಯ ನೆಲುವನ್ನು ನೀವೆಲ್ಲರೂ ಬಲ್ಲಿರಿ. ಅದರ ಹಗ್ಗ ಸಡಿಲವಾದರೆ ಮೇಲಿಟ್ಟ ಗಡಿಗೆ ಕೆಳಗಿಳಿಯುತ್ತದೆ. ಹಾಗೆಯೇ ಗರ್ಭಕೋಶ, ಮೂತ್ರಕೋಶ ಮತ್ತು ಗುದನಾಳಗಳನ್ನು ಕಿಬ್ಬೊಟ್ಟೆಯ ತಳದ ಸ್ನಾಯುಗಳೂ ಕಟ್ಟುನಾರುಗಳೂ ಎತ್ತಿ ಹಿಡಿದಿರುತ್ತವೆ. ಇವು ಸಡಿಲಗೊಂಡಾಗ ಗರ್ಭಕೋಶ ಯೋನಿಯೊಳಕ್ಕೆ ಇಳಿಯುತ್ತದೆ. ತೊಂದರೆ ಹೆಚ್ಚಿದಾಗ ಹೊರಕ್ಕೂ ಬರುತ್ತದೆ.

ಮೇಲಿಂದ ಮೇಲೆ ಹೆರಿಗೆ, ಬಹಳ ಹೊತ್ತಿನ ಕಷ್ಟದ ಹೆರಿಗೆ, ಗರ್ಭಕೋಶದ ಬಾಯಿ ಪೂರ್ಣವಾಗಿ ತೆರೆಯುವ ಮೊದಲೇ ಮುಕ್ಕುವುದು, ಬಾಣಂತನದಲ್ಲಿ ನೀರಿನ ಕೊಡ ಹಾಗೂ ಹುಲ್ಲಿನ ಹೊರೆ ಹೊರುವುದು, ತೀರದ ಕೆಮ್ಮು, ಮಲಬದ್ಧತೆ ಇವು ಮುಖ್ಯ ಕಾರಣಗಳು. ಮುಟ್ಟು ನಿಂತ ಮೇಲೆ ಸ್ನಾಯುಗಳು ಇನ್ನಷ್ಟು ದುರ್ಬಲವಾಗುತ್ತವೆ. ಇದು ಯಾವ ಪಾಪದ ಫಲವೂ ಅಲ್ಲ, ನಡತೆಯ ದೋಷವೂ ಅಲ್ಲ, ಅಂಟುರೋಗವೂ ಅಲ್ಲ.

ಕೆಳಹೊಟ್ಟೆ ಜಗ್ಗಿದಂತಾಗುವುದು, ಸೊಂಟನೋವು, ಗಂಟಿನಂತಹುದು ಕೈಗೆ ತಗಲುವುದು, ಕೆಮ್ಮಿದಾಗ ಮೂತ್ರ ಸೋರುವುದು, ಮೂತ್ರ ಪೂರ್ತಿಯಾಗಿ ಹೋಗದಿರುವುದು ಇದರ ಲಕ್ಷಣಗಳು. ದುಡಿದು ಸಂಜೆಯಾದಾಗ ಹೆಚ್ಚುತ್ತದೆ, ಮಲಗಿದಾಗ ಕಡಿಮೆಯಾಗುತ್ತದೆ. ಮೂತ್ರ ಕಟ್ಟಿದರೆ, ಹೊರಬಂದ ಭಾಗದಲ್ಲಿ ಹುಣ್ಣಾದರೆ, ಮುಟ್ಟು ನಿಂತ ಮೇಲೆ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಬರಬೇಕು.

ನಮ್ಮ ಕೇಂದ್ರಕ್ಕೆ ಬಂದ ನಾಲ್ಕು ಮಕ್ಕಳ ತಾಯಿಯೊಬ್ಬರು ಎಂಟು ವರ್ಷ ಬಟ್ಟೆಯ ಉಂಡೆಯನ್ನು ಒಳಗಿಟ್ಟುಕೊಂಡು ಗದ್ದೆಯ ಕೆಲಸ ಮಾಡಿದ್ದರು. ನೋವಿಗೆ ಹೆದರಿ ಗಂಡನಿಂದ ದೂರ ಮಲಗುತ್ತಿದ್ದರು. ತನ್ನನ್ನು ಕಂಡರೆ ಅವಳಿಗೆ ಬೇಸರವೆಂದು ಗಂಡ ತಿಳಿದಿದ್ದರು. ಮೂತ್ರ ಕಟ್ಟಿದ ದಿನ ಎತ್ತಿನ ಗಾಡಿಯಲ್ಲಿ ಕರೆತಂದಾಗಲೇ ಅವರಿಗೆ ನಿಜ ತಿಳಿದದ್ದು. "ಒಂದು ಮಾತು ಹೇಳಬಾರದಿತ್ತೇ?" ಎಂದು ಅವರು ಕೇಳಿದರು. "ಹೇಳಿದರೆ ನೀವು ಏನೆಂದುಕೊಳ್ಳುತ್ತೀರೋ ಎಂದು ಹೆದರಿದೆ" ಎಂದು ಆಕೆ ಉತ್ತರಿಸಿದರು. ಎಂಟು ವರ್ಷ ಒಂದೇ ಸೂರಿನಡಿ ಇಬ್ಬರೂ ಬೇರೆಬೇರೆಯಾಗಿ ನೊಂದಿದ್ದರು.

ಆದ್ದರಿಂದ ಗಂಡಂದಿರಿಗೆ ನನ್ನ ವಿನಂತಿ ಇದು. ಹೆಂಡತಿ ಬೇಡವೆಂದರೆ ಕೋಪಿಸಿಕೊಳ್ಳದೆ ಕಾರಣವನ್ನು ಮೆಲ್ಲನೆ ಕೇಳಿ. ಈ ತೊಂದರೆಯಿದ್ದ ಮಾತ್ರಕ್ಕೆ ದಾಂಪತ್ಯ ಮುಗಿಯಲಿಲ್ಲ. ಹುಣ್ಣು, ನೋವು ಇಲ್ಲದಿದ್ದರೆ ಮತ್ತು ಆಕೆಗೆ ಇಷ್ಟವಿದ್ದರೆ ದೇಹಸಂಬಂಧದಿಂದ ಹಾನಿಯಿಲ್ಲ. ಆಕೆಗೆ ನೋವಾದರೆ ನಿಲ್ಲಿಸಬೇಕು, ವೈದ್ಯರಿಗೆ ತೋರಿಸಬೇಕು. ಇನ್ನೊಂದು ಮಾತು: ಗರ್ಭಕೋಶ ಜಾರಿದೆ ಎಂದು ಗರ್ಭ ನಿಲ್ಲುವುದಿಲ್ಲವೆಂದು ತಿಳಿಯಬೇಡಿ.

ಚಿಕಿತ್ಸೆ ಮೂರು ಬಗೆಯದು. ಮೊದಲನೆಯದು ವ್ಯಾಯಾಮ. ಅಮೆರಿಕದ ವೈದ್ಯ ಆರ್ನಾಲ್ಡ್ ಕೀಗಲ್ 1948ರಲ್ಲಿ ಇದನ್ನು ಪ್ರಚಾರಕ್ಕೆ ತಂದರು. ಮೂತ್ರವನ್ನು ತಡೆಹಿಡಿಯುವಂತೆ ಒಳಸ್ನಾಯುಗಳನ್ನು ಬಿಗಿದು, ಐದು ಎಣಿಸುವವರೆಗೆ ಹಿಡಿದು, ಸಡಿಲಿಸಬೇಕು. ಹೀಗೆ 10 ಸಲ, ದಿನಕ್ಕೆ 3 ಬಾರಿ, ಕನಿಷ್ಠ 3 ತಿಂಗಳು ಮಾಡಬೇಕು. ರೊಟ್ಟಿ ತಟ್ಟುವಾಗಲೂ ಮಾಡಬಹುದು, ಪಕ್ಕದವರಿಗೂ ತಿಳಿಯುವುದಿಲ್ಲ. ಆರಂಭದ ಹಂತದಲ್ಲಿ ಇದರಿಂದ ಬಹಳ ಪ್ರಯೋಜನವಿದೆ.

ಎರಡನೆಯದು ಬಳೆಯಾಕಾರದ ಉಂಗುರ. ವೈದ್ಯರು ಅಳತೆ ನೋಡಿ ಅದನ್ನು ಒಳಗಿರಿಸುತ್ತಾರೆ. ಕೆಲವು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಿ ತೊಳೆದು ಹಾಕಿಸಿಕೊಳ್ಳಬೇಕು. ಇದನ್ನು ಧರಿಸಿಯೂ ಸಾಮಾನ್ಯವಾಗಿ ದಾಂಪತ್ಯ ಸುಖಕ್ಕೆ ಅಡ್ಡಿಯಿಲ್ಲ. ಆ ತಾಯಿ ಇಂದು ಉಂಗುರ ಧರಿಸಿಯೇ ಆರಾಮವಾಗಿದ್ದಾರೆ.

ಮೂರನೆಯದು ಶಸ್ತ್ರಚಿಕಿತ್ಸೆ. ಶಸ್ತ್ರಚಿಕಿತ್ಸೆಯೆಂದರೆ ಗರ್ಭಕೋಶವನ್ನು ತೆಗೆಯುವುದೇ ಎಂದೇನೂ ಇಲ್ಲ. ಗೋವೆಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಸೇವೆ ಸಲ್ಲಿಸಿದ ಡಾ. ವಿ. ಎನ್. ಶಿರೋಡ್ಕರ್ ಅವರು ಗರ್ಭಕೋಶವನ್ನು ಉಳಿಸಿಕೊಂಡೇ ಎತ್ತಿ ಕಟ್ಟುವ ವಿಧಾನವನ್ನು ರೂಪಿಸಿದರು. ಮಕ್ಕಳು ಬೇಕೆನ್ನುವ ಕಿರಿಯ ವಯಸ್ಸಿನವರಿಗೆ ಇಂತಹ ವಿಧಾನಗಳಿವೆ. ಬಿಳಿಸೆರಗು ಹೋಗುತ್ತದೆ, ಸೊಂಟನೋವಿದೆ ಎಂಬುದಷ್ಟಕ್ಕೇ ಗರ್ಭಕೋಶ ತೆಗೆಸಬೇಡಿ. ಇನ್ನೊಬ್ಬ ವೈದ್ಯರ ಸಲಹೆಯನ್ನೂ ಪಡೆಯಿರಿ. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಮಾರ್ಗಸೂಚಿಗಳನ್ನು ಜಾರಿಗೆ ತರುವಂತೆ ಸರ್ವೋಚ್ಚ ನ್ಯಾಯಾಲಯವೇ 2023ರಲ್ಲಿ ರಾಜ್ಯಗಳಿಗೆ ಆದೇಶಿಸಿದೆ. ಶಸ್ತ್ರಚಿಕಿತ್ಸೆಯ ನಂತರ ಕನಿಷ್ಠ 6 ವಾರ ದೇಹಸಂಬಂಧ ಬೇಡ, ಭಾರದ ಕೆಲಸವೂ ಬೇಡ. ವೈದ್ಯರು ಪರೀಕ್ಷಿಸಿ ಹೇಳಿದ ಮೇಲೆ ಎರಡನ್ನೂ ಆರಂಭಿಸಬಹುದು.

ಬಂದ ಮೇಲೆ ಗುಣಪಡಿಸುವುದಕ್ಕಿಂತ ಬಾರದಂತೆ ನೋಡಿಕೊಳ್ಳುವುದು ಲೇಸು. ಹೆರಿಗೆ ಆಸ್ಪತ್ರೆಯಲ್ಲಾಗಲಿ. ಹೆರಿಗೆಯ ಕಾಲದಲ್ಲಿ ಹೊಟ್ಟೆಯನ್ನು ಒತ್ತಿ ನೂಕಲು ಯಾರಿಗೂ ಬಿಡಬೇಡಿ. ಹೆರಿಗೆಯಾದ ಮೇಲೆ ಮುಂದಿನ ಗರ್ಭಕ್ಕೆ ಎರಡು ವರ್ಷವಾದರೂ ಕಳೆಯಲಿ. ಮಕ್ಕಳು ಸಾಕೆನಿಸಿದರೆ ಗಂಡನೇ ಮುಂದೆ ಬಂದು ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬಹುದು. ಅದು ಹೆಂಗಸರ ಶಸ್ತ್ರಚಿಕಿತ್ಸೆಗಿಂತ ಸುಲಭ, ಗಂಡಸುತನಕ್ಕೆ ಕುಂದಿಲ್ಲ. ಬಾಣಂತಿಯ ಕೊಡವನ್ನು ಆರು ವಾರ ಗಂಡ ಹೊತ್ತರೆ ಮರ್ಯಾದೆ ಹೋಗುವುದಿಲ್ಲ.

ಈ ತೊಂದರೆಯಿರುವ ಸೋದರಿಯರು ನಿಮ್ಮ ಊರಿನ ಆಶಾ ಕಾರ್ಯಕರ್ತೆಗೆ ಗುಟ್ಟಾಗಿ ತಿಳಿಸಿದರೂ ಸಾಕು. ಪರೀಕ್ಷೆಯ ವೇಳೆ ಜೊತೆಗೆ ಮಹಿಳಾ ಸಿಬ್ಬಂದಿ ಇರುತ್ತಾರೆ. ನಿಮ್ಮ ಮಾತು ಹೊರಗೆ ಹೋಗುವುದಿಲ್ಲ. ಸಾಧ್ಯವಾದರೆ ಗಂಡಹೆಂಡಿರು ಜೊತೆಯಾಗಿ ಬನ್ನಿ. ಇಂದು ರಾತ್ರಿ ಊಟವಾದ ಮೇಲೆ ಈ ವಿಷಯವನ್ನು ನಿಮ್ಮ ನಿಮ್ಮಲ್ಲೇ ಮಾತನಾಡಿಕೊಳ್ಳಿರಿ ಎಂದು ಕೋರಿ ನನ್ನ ಮಾತನ್ನು ಮುಗಿಸುತ್ತೇನೆ.