ಕೆನಡಾ ದೇಶದಲ್ಲಿ ಅಲ್ಪಸಂಖ್ಯಾತ ಭಾಷೆಯ ಶಾಲೆಗಳು
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕೆನಡಾ ದೇಶದ ಭಾಷಾ ಸಮಸ್ಯೆಯನ್ನು ಕುರಿತು ನಾಲ್ಕು ಮಾತು ಆಡಬೇಕೆಂದು ಸಂಘದವರು ಅಪ್ಪಣೆ ಮಾಡಿದ್ದಾರೆ. ಕನ್ನಡಕ್ಕೂ ಕೆನಡಾಕ್ಕೂ ಅಕ್ಷರಗಳ ಹೋಲಿಕೆಯಲ್ಲದೆ ಬೇರೇನು ನಂಟು ಎಂದು ತರುಣ ಮಿತ್ರರೊಬ್ಬರು ಆಗಲೇ ಪರಿಹಾಸ್ಯ ಮಾಡಿದರು. ನಂಟು ಒಂದಿದೆ, ಅದು ಹತ್ತು ಎಂಬ ಸಂಖ್ಯೆಯ ನಂಟು. ಅದನ್ನು ಮುಂದೆ ಬಿನ್ನವಿಸುತ್ತೇನೆ.

ಆ ದೇಶದಲ್ಲಿ ಮೊದಲು ನೆಲೆಯೂರಿದ ಯುರೋಪಿಯನ್ನರಲ್ಲಿ ಫ್ರೆಂಚರೇ ಪ್ರಮುಖರು. 1759ರಲ್ಲಿ ಕ್ವಿಬೆಕ್ ನಗರದ ಬಳಿಯ ಬಯಲಿನಲ್ಲಿ ಇಂಗ್ಲಿಷರು ಅವರನ್ನು ಸೋಲಿಸಿದರು. 1763ರ ಪ್ಯಾರಿಸ್ ಒಪ್ಪಂದದಿಂದ ಆ ಸೀಮೆ ಬ್ರಿಟಿಷರ ವಶವಾಯಿತು. ಗೆದ್ದವರು ಸೋತವರ ಭಾಷೆಯನ್ನು ಅಳಿಸಲಾರದೆ ಹೋದರು. 1867ರಲ್ಲಿ ನಾಲ್ಕು ಪ್ರಾಂತಗಳು ಒಂದಾಗಿ ಹೊಸ ರಾಜ್ಯವ್ಯವಸ್ಥೆ ಏರ್ಪಟ್ಟಾಗ, ಕೇಂದ್ರ ಸಂಸತ್ತಿನಲ್ಲಿಯೂ ಕ್ವಿಬೆಕ್ ಪ್ರಾಂತದ ಶಾಸನಸಭೆಯಲ್ಲಿಯೂ ಎರಡು ಭಾಷೆಗಳಿಗೂ ಸ್ಥಾನ ದೊರೆಯಿತು. ಉಳಿದ ಪ್ರಾಂತಗಳ ವಿಷಯದಲ್ಲಿ ಆ ಶಾಸನ ಮೌನ ವಹಿಸಿತು.

ಪತ್ರಿಕೆಗಳಲ್ಲಿ ನಾವು ಓದಿರುವುದು ಹೆಚ್ಚಾಗಿ ಕ್ವಿಬೆಕ್ಕಿನ ಸುದ್ದಿ: 1977ರಲ್ಲಿ ಫ್ರೆಂಚ್ ಭಾಷೆಗೆ ಅಗ್ರಪಟ್ಟ ಕಟ್ಟಿದ ಶಾಸನ, 1980ರ ಜನಮತಗಣನೆ, ಮತ್ತೆ 1995ರ ಜನಮತಗಣನೆ. ಎರಡನೆಯ ಸಲ ಪ್ರತ್ಯೇಕತೆ ಬೇಡವೆಂದವರು ನೂರಕ್ಕೆ 50.58 ಮಾತ್ರ, ಕೂದಲೆಳೆಯ ಅಂತರದಲ್ಲಿ ದೇಶ ಉಳಿಯಿತು. ಇದು ದೊಡ್ಡ ಕಥೆ. ಆದರೆ ನನ್ನ ಮನಸ್ಸು ಹರಿಯುವುದು ಕ್ವಿಬೆಕ್ಕಿನ ಗಡಿಯಾಚೆ ಉಳಿದ ಫ್ರೆಂಚರ ಕಡೆಗೆ. ತಮ್ಮ ಭಾಷೆಯ ಪ್ರಾಂತ ಪಕ್ಕದಲ್ಲೋ ದೂರದಲ್ಲೋ ಇದ್ದು, ತಾವು ಮಾತ್ರ ಬೇರೊಂದು ಭಾಷೆಯ ಸರಕಾರದ ಅಡಿಯಲ್ಲಿ ಮಕ್ಕಳನ್ನು ಓದಿಸಬೇಕಾದ ಜನ ಅವರು. ಅವರ ಪಾಡನ್ನು ಈ ಸಭೆಗೆ ವಿವರಿಸಿ ಹೇಳುವ ಅಗತ್ಯವಿಲ್ಲ.

ಮೊದಲು ಒಂಟಾರಿಯೋ ಪ್ರಾಂತ. ಅಲ್ಲಿನ ಸರಕಾರ 1912ರಲ್ಲಿ ಹದಿನೇಳನೆಯ ನಿಯಮವೆಂಬ ಶಿಕ್ಷಣಾಜ್ಞೆಯನ್ನು ಹೊರಡಿಸಿತು. ಫ್ರೆಂಚ್ ಮಾಧ್ಯಮ ಮೊದಲೆರಡು ವರ್ಷಗಳಿಗೆ ಮಾತ್ರ; ಆಮೇಲೆ ಎಲ್ಲವೂ ಇಂಗ್ಲಿಷಿನಲ್ಲಿ. ಈ ಆಜ್ಞೆಯ ಹಿಂದೆ ಪ್ರಾಟೆಸ್ಟಂಟ್ ಇಂಗ್ಲಿಷರು ಮಾತ್ರವಲ್ಲ, ಐರಿಷ್ ಕ್ಯಾಥೊಲಿಕರೂ ಇದ್ದರು. ಫ್ರೆಂಚರಂತೆಯೇ ಪೂಜೆ ಮಾಡುವವರು, ಅದೇ ಪೋಪರಿಗೆ ತಲೆಬಾಗುವವರು! ಮತ ಒಂದಾದರೆ ಭಾಷೆಯ ಜಗಳ ತಣ್ಣಗಾಗುತ್ತದೆಂದು ನಂಬುವವರು ಇದನ್ನು ಗಮನಿಸಬೇಕು.

ಒಟ್ಟಾವಾ ನಗರದ ಗೀಗ್ ಶಾಲೆಯಲ್ಲಿ ದೆಲೋಜ್ ಮನೆತನದ ಇಬ್ಬರು ಸೋದರಿಯರು ಉಪಾಧ್ಯಾಯಿನಿಯರಾಗಿದ್ದರು. ಆಜ್ಞೆಯನ್ನು ಮೀರಿ ಅವರು ಫ್ರೆಂಚಿನಲ್ಲಿಯೇ ಪಾಠ ಹೇಳಿದರು. ಅವರನ್ನು ಶಾಲೆಯಿಂದ ಹೊರಗಟ್ಟಿದಾಗ ಬೇರೆಡೆ ತರಗತಿ ನಡೆಸಿದರು. 1916ರ ಜನವರಿಯಲ್ಲಿ ಮಕ್ಕಳ ತಾಯಂದಿರು ಅವರನ್ನು ಮತ್ತೆ ಶಾಲೆಯೊಳಗೆ ಕರೆತಂದು, ಕಾವಲು ನಿಂತರು. ಆ ಕಾಲದ ಹೆಂಗಸರು ಟೋಪಿ ಜಾರದಂತೆ ಸಿಕ್ಕಿಸಿಕೊಳ್ಳುತ್ತಿದ್ದ ಉದ್ದನೆಯ ಸೂಜಿಗಳೇ ಅವರ ಆಯುಧ. ಕತ್ತರಿ, ಲಟ್ಟಣಿಗೆಗಳೂ ಇದ್ದವಂತೆ. ಪೋಲೀಸರು ಹಿಮ್ಮೆಟ್ಟಿದರು. ಅದೇ ವರ್ಷ ಲಂಡನ್ನಿನ ಪ್ರಿವಿ ಕೌನ್ಸಿಲ್ ತೀರ್ಪು ಕೊಟ್ಟಿತು: 1867ರ ಶಾಸನ ಕಾಪಾಡುವುದು ಮತದ ಶಾಲೆಗಳನ್ನು, ಭಾಷೆಯ ಶಾಲೆಗಳನ್ನಲ್ಲ. ಮತಕ್ಕೆ ರಕ್ಷಣೆಯಿತ್ತು, ಮಾತಿಗೆ ಇರಲಿಲ್ಲ. ಆದರೂ ತಾಯಂದಿರು ಬಿಡಲಿಲ್ಲ. 1927ರಲ್ಲಿ ಸರಕಾರವೇ ನಿಯಮವನ್ನು ಸಡಿಲಿಸಿತು. 2016ರಲ್ಲಿ ಒಂಟಾರಿಯೋದ ಮುಖ್ಯಮಂತ್ರಿಣಿ ಕ್ಯಾಥ್ಲೀನ್ ವಿನ್ ಶಾಸನಸಭೆಯಲ್ಲಿ ಕ್ಷಮೆ ಕೇಳಿದರು, ನೂರು ವರ್ಷಗಳ ತರುವಾಯ.

ಇನ್ನು ಪಶ್ಚಿಮದ ಮ್ಯಾನಿಟೋಬಾ. ಲೂಯಿ ರಿಯೆಲ್ ಎಂಬ ವೀರನ ನಾಯಕತ್ವದಲ್ಲಿ ಮೇಟಿ ಜನ, ಅಂದರೆ ಮೂಲನಿವಾಸಿಗಳ ಮತ್ತು ಯುರೋಪಿಯನ್ನರ ಮಿಶ್ರಸಂತತಿಯವರು, ಹೋರಾಡಿದ ಫಲವಾಗಿ 1870ರಲ್ಲಿ ಆ ಪ್ರಾಂತ ರೂಪುಗೊಂಡಿತು. ಅದರ ಶಾಸನದಲ್ಲಿಯೇ ಎರಡು ಭಾಷೆಗಳಿಗೂ ಸಮಾನ ಸ್ಥಾನವನ್ನು ಬರೆದಿದ್ದರು. ಬಳಿಕ ಒಂಟಾರಿಯೋದಿಂದ ಇಂಗ್ಲಿಷರು ವಲಸೆ ಬಂದರು, ಬಹುಸಂಖ್ಯೆ ಅವರದಾಯಿತು. 1890ರಲ್ಲಿ ಪ್ರಾಂತಸಭೆ ಫ್ರೆಂಚಿನ ಸ್ಥಾನವನ್ನು ಕಿತ್ತುಹಾಕಿತು. ಇದು ಸಲ್ಲದೆಂದು 1892ರಲ್ಲಿಯೂ 1909ರಲ್ಲಿಯೂ ಅಲ್ಲಿನ ನ್ಯಾಯಾಲಯಗಳು ಹೇಳಿದವು. ಸರಕಾರ ಕಿವಿಗೊಡಲಿಲ್ಲ.

ಈ ನಡುವೆ ಒಂದು ರಾಜಿ ನಡೆಯಿತು. 1896ರಲ್ಲಿ ಸ್ವತಃ ಫ್ರೆಂಚನಾದ ಲೋರಿಯೇ ಕೆನಡಾದ ಪ್ರಧಾನಿಯಾದಾಗ ಆದ ಒಪ್ಪಂದವದು: ಯಾವುದೇ ಶಾಲೆಯಲ್ಲಿ ಫ್ರೆಂಚನ್ನಾಗಲಿ ಇಂಗ್ಲಿಷೇತರ ಬೇರೊಂದು ಭಾಷೆಯನ್ನಾಗಲಿ ಮನೆಮಾತಾಗಿ ಉಳ್ಳ ಹತ್ತು ಮಕ್ಕಳಿದ್ದರೆ, ಅಲ್ಲಿ ಆ ಭಾಷೆ ಮತ್ತು ಇಂಗ್ಲಿಷ್ ಎರಡರಲ್ಲಿಯೂ ಪಾಠ ನಡೆಯಬೇಕು. ಹತ್ತು ಮಕ್ಕಳು! 1949ರ ಆಗಸ್ಟ್ ತಿಂಗಳಲ್ಲಿ ನಮ್ಮ ದೇಶದ ಪ್ರಾಂತಗಳ ಶಿಕ್ಷಣಮಂತ್ರಿಗಳ ಸಮ್ಮೇಳನ ಗೊತ್ತುಮಾಡಿದ ಸೂತ್ರವನ್ನು ನಮ್ಮ ಹಿರಿಯ ಉಪಾಧ್ಯಾಯರು ಬಲ್ಲರು: ತರಗತಿಯಲ್ಲಿ ಹತ್ತು, ಇಲ್ಲವೆ ಶಾಲೆಯಲ್ಲಿ ನಲವತ್ತು ಮಕ್ಕಳಿದ್ದರೆ ಮಾತೃಭಾಷೆಯ ಒಬ್ಬ ಶಿಕ್ಷಕ. ಭೂಗೋಳದ ಎರಡು ಬದಿಗಳಲ್ಲಿ, ಅರ್ಧ ಶತಮಾನದ ಅಂತರದಲ್ಲಿ, ಅದೇ ಅಂಕಿ.

ಮ್ಯಾನಿಟೋಬಾದ ಹತ್ತರ ನಿಯಮ ಬಹುಕಾಲ ಬಾಳಲಿಲ್ಲ. ಜರ್ಮನರು, ಪೋಲರು, ಉಕ್ರೇನಿನವರು, ಎಲ್ಲರೂ ತಮ್ಮ ತಮ್ಮ ಹತ್ತು ಮಕ್ಕಳನ್ನು ಮುಂದಿಟ್ಟರು. 1916ರಲ್ಲಿ ಸರಕಾರ ಎಲ್ಲವನ್ನೂ ಒಟ್ಟಿಗೇ ರದ್ದುಮಾಡಿತು. ಅಲ್ಲಿಂದ ಮುಂದೆ ಫ್ರೆಂಚ್ ಹಳ್ಳಿಗಳಲ್ಲಿ ಮರೆಯಲ್ಲಿ ಪಾಠ ನಡೆಯಿತು. ಇನ್ಸ್‌ಪೆಕ್ಟರು ಬಂದರೆ ಫ್ರೆಂಚ್ ಪುಸ್ತಕಗಳು ಅಡಗುತ್ತಿದ್ದವು, ಇಂಗ್ಲಿಷ್ ಪುಸ್ತಕಗಳು ಮೇಜಿನ ಮೇಲೆ ಬರುತ್ತಿದ್ದವು. ಮುಂದೆ ಪ್ರಸಿದ್ಧ ಕಾದಂಬರಿಕಾರ್ತಿಯಾದ ಗಾಬ್ರಿಯೆಲ್ ರುವಾ 1909ರಲ್ಲಿ ಅಲ್ಲಿನ ಸೇಂಟ್ ಬೋನಿಫೇಸಿನಲ್ಲಿ ಹುಟ್ಟಿ, ಆ ಕಾಲದಲ್ಲಿಯೇ ಓದಿದವರು. 1947ರಲ್ಲಿ ಫ್ರಾನ್ಸ್ ದೇಶದ ಫೆಮಿನಾ ಪ್ರಶಸ್ತಿ ಅವರಿಗೆ ಬಂತು.

ಅದೇ ಸೇಂಟ್ ಬೋನಿಫೇಸಿನ ಜಾರ್ಜ್ ಫೊರೆ ಎಂಬ ವಿಮಾ ಏಜೆಂಟರು, ವಾಹನ ನಿಲ್ಲಿಸಿದ ತಪ್ಪಿಗೆ ಬಂದ ದಂಡದ ಚೀಟಿ ಬರಿಯ ಇಂಗ್ಲಿಷಿನಲ್ಲಿದೆಯೆಂದು 1976ರಲ್ಲಿ ತಕರಾರು ಎತ್ತಿದರು. ಕೆಲವೇ ಡಾಲರುಗಳ ದಂಡ! ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದವರೆಗೆ ಏರಿತು. 1979ರಲ್ಲಿ 1890ರ ಶಾಸನ ಬಿದ್ದುಹೋಯಿತು. 1985ರಲ್ಲಿ ಅದೇ ನ್ಯಾಯಾಲಯ, ಇಂಗ್ಲಿಷಿನಲ್ಲಿ ಮಾತ್ರ ಮಾಡಿದ ಮ್ಯಾನಿಟೋಬಾದ ಎಲ್ಲ ಕಾನೂನುಗಳೂ ಅಸಿಂಧುವೆಂದು ಸಾರಿತು. ಅರಾಜಕತೆ ಉಂಟಾಗಬಾರದೆಂದು, ಭಾಷಾಂತರ ಮುಗಿಯುವವರೆಗೆ ಮಾತ್ರ ಅವುಗಳಿಗೆ ಜೀವದಾನ ಕೊಟ್ಟಿತು. ಕಾಗದದ ಮೇಲಿನ ಹಕ್ಕು ತೊಂಬತ್ತು ವರ್ಷ ಮಲಗಿದ್ದರೂ ಸತ್ತಿರಲಿಲ್ಲ.

1982ರ ಹಕ್ಕುಗಳ ಸನದಿನ 23ನೆಯ ವಿಧಿ ಈಗ ಅಲ್ಪಸಂಖ್ಯಾತ ಭಾಷೆಯ ತಂದೆತಾಯಿಗಳಿಗೆ ಶಾಲೆಯ ಹಕ್ಕನ್ನೇ ಕೊಡುತ್ತದೆ; ಕ್ವಿಬೆಕ್ಕಿನ ಇಂಗ್ಲಿಷರಿಗೂ ಅದರ ಆಶ್ರಯವಿದೆ. ನಮ್ಮ ಸಂವಿಧಾನಕ್ಕೆ 1956ರಲ್ಲಿ ಸೇರಿದ 350-ಎ ವಿಧಿ, ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಕರ್ಯಕ್ಕಾಗಿ ರಾಜ್ಯಗಳು ಪ್ರಯತ್ನಿಸಬೇಕೆನ್ನುತ್ತದೆ. ಪ್ರಯತ್ನಕ್ಕೂ ಹಕ್ಕಿಗೂ ಇರುವ ಅಂತರ, ಖಾಲಿ ಬಿದ್ದ ಶಿಕ್ಷಕ ಹುದ್ದೆಗಾಗಿ ಅರ್ಜಿ ಹಿಡಿದು ಅಲೆದವರಿಗೆ ಗೊತ್ತು.

ಅಲ್ಲಿಯೂ ಸಂಖ್ಯೆಯ ಷರತ್ತು ಇಲ್ಲದಿಲ್ಲ: ಮಕ್ಕಳ ಸಂಖ್ಯೆ ಸಾಕಷ್ಟಿರಬೇಕು. ಆದರೆ ಎಣಿಸುವುದು ಯಾರನ್ನು? ಎಡ್ಮಂಟನ್ ನಗರದ ತಂದೆತಾಯಿಗಳು ಹೂಡಿದ ಮಾಹೆ ವ್ಯಾಜ್ಯದಲ್ಲಿ 1990ರಲ್ಲಿ ಬಂದ ತೀರ್ಪನ್ನು ನಮ್ಮವರೆಲ್ಲ ಓದಬೇಕು. ಈಗ ಅರ್ಜಿ ಹಾಕಿದವರನ್ನಷ್ಟೇ ಎಣಿಸಲಾಗದು. ಶಾಲೆಯೇ ಇಲ್ಲದ ಕಡೆ ಅರ್ಜಿ ಎಲ್ಲಿಂದ ಬಂದೀತು? ಹಕ್ಕುಳ್ಳವರೆಲ್ಲರನ್ನೂ ಎಣಿಸಲಾಗದು, ಎಲ್ಲರೂ ಬರಲಾರರು. ಇವೆರಡರ ನಡುವೆ, ಶಾಲೆ ತೆರೆದರೆ ಕಾಲಕ್ರಮದಲ್ಲಿ ಬರುವವರೆಷ್ಟೋ ಅದನ್ನು ಅಂದಾಜು ಮಾಡಬೇಕು. ಸಂಖ್ಯೆ ಹೆಚ್ಚಿದಂತೆ ಶಾಲೆಯ ಆಡಳಿತ, ಉಪಾಧ್ಯಾಯರ ನೇಮಕ ಇವೂ ಆ ಭಾಷಿಕರ ಕೈಗೆ ಬರಬೇಕು.

ಇದರಿಂದ ಎಲ್ಲವೂ ಸರಿಹೋಯಿತೆಂದು ನಾನು ಹೇಳುವುದಿಲ್ಲ. ಪಶ್ಚಿಮ ಪ್ರಾಂತಗಳಲ್ಲಿ ಅಜ್ಜಿಯ ಫ್ರೆಂಚು ಮೊಮ್ಮಕ್ಕಳಿಗೆ ತಿಳಿಯದ ಮನೆಗಳು ಬಹಳ. ಮುಚ್ಚಿದ ಶಾಲೆಯನ್ನು ನ್ಯಾಯಾಲಯ ತೆರೆಸಬಹುದು, ಊಟದ ಹೊತ್ತಿನ ಮಾತನ್ನು ಬದಲಿಸಲಾರದು. ಆದರೂ ಎಣಿಕೆ ಮುಂದುವರಿದಿದೆ. 2020ರಲ್ಲಿ ಬ್ರಿಟಿಷ್ ಕೊಲಂಬಿಯಾ ಪ್ರಾಂತದ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು: ಪ್ರಾಂತದ ಯಾವುದಾದರೂ ಮೂಲೆಯಲ್ಲಿ ಅಷ್ಟೇ ಮಕ್ಕಳಿಗಾಗಿ ಇಂಗ್ಲಿಷ್ ಶಾಲೆ ನಡೆಯುತ್ತಿದ್ದರೆ, ಅಷ್ಟು ಮಕ್ಕಳುಳ್ಳ ಫ್ರೆಂಚರಿಗೂ ಶಾಲೆ ಸಲ್ಲಬೇಕೆಂದೇ ಭಾವಿಸತಕ್ಕದ್ದು, ಬೇರೆ ಕಾರಣವಿದ್ದರೆ ಸರಕಾರ ಅದನ್ನು ಸಾಧಿಸಿ ತೋರಿಸಲಿ. 2021ರ ಜನಗಣತಿಯಲ್ಲಿ, ಈ ಹಕ್ಕುಳ್ಳ ಮಕ್ಕಳೆಷ್ಟು ಮಂದಿ ಎಂದು ತಿಳಿಯುವ ಪ್ರಶ್ನೆಗಳನ್ನು ಅಲ್ಲಿನ ಸರಕಾರ ಮೊಟ್ಟಮೊದಲ ಬಾರಿಗೆ ಮನೆಮನೆಗೂ ಕೇಳಿತು.