ಬಣ್ಣದ ಕೆಳಗಿನ ಕೊಳೆ



ಶುದ್ಧಿ ಎಂದೊಡನೆ ನಮ್ಮ ನೆನಪಿಗೆ ಬರುವುದು ಮಡಿ. ಇಂಥದನ್ನು ಮುಟ್ಟಬಾರದು, ಇಂಥವರ ಮನೆಯಲ್ಲಿ ಉಣ್ಣಬಾರದು ಎಂಬ ಕಟ್ಟಳೆ. ಯೇಸುವಿನ ಕಾಲದ ಯೆಹೂದ್ಯರಲ್ಲಿಯೂ ಕೈ ತೊಳೆಯುವ, ಪಾತ್ರೆ ತೊಳೆಯುವ ನಿಯಮಗಳಿದ್ದವು. ಮನುಷ್ಯನನ್ನು ಮೈಲಿಗೆ ಮಾಡುವುದು ಹೊರಗಿನಿಂದ ಒಳಹೋಗುವ ಆಹಾರವಲ್ಲ, ಹೃದಯದಿಂದ ಹೊರಬರುವ ಕೇಡು ಎಂದು ಯೇಸು ಬೋಧಿಸಿದ ಪ್ರಸಂಗ ಮಾರ್ಕನ ಸುವಾರ್ತೆಯ 7ನೇ ಅಧ್ಯಾಯದಲ್ಲಿದೆ. ಹಾಗಾದರೆ ಹೃದಯ ಶುದ್ಧವಾಗಿದೆ ಎಂದು ತಿಳಿಯುವುದು ಹೇಗೆ? ಸಹಿ ಹಾಕುವ ಕಾಗದದಲ್ಲಿ, ಉಡುವ ಬಟ್ಟೆಯಲ್ಲಿ, ತಿನ್ನುವ ಸಕ್ಕರೆಯಲ್ಲಿ ಅದು ಕಾಣಬೇಕು ಎಂದು ಬಾಳಿ ತೋರಿಸಿದ ಒಬ್ಬ ದರ್ಜಿಯ ವಿಷಯವನ್ನು ಹೇಳುತ್ತೇನೆ.

ಆತ ಜಾನ್ ವುಲ್ಮನ್. ಅಮೆರಿಕದ ನ್ಯೂಜೆರ್ಸಿ ಬ್ರಿಟಿಷರ ವಸಾಹತಾಗಿದ್ದಾಗ, 1720ರಲ್ಲಿ ಅಲ್ಲಿ ಹುಟ್ಟಿದವನು, ಕ್ವೇಕರ್ ಪಂಥದವನು. ಆ ಪಂಥದವರ ಸಭೆಯಲ್ಲಿ ಪಾದ್ರಿಯಿರಲಿಲ್ಲ. ಮೌನವಾಗಿ ಕುಳಿತು ದೇವರ ಪ್ರೇರಣೆಗೆ ಕಾಯುವುದೇ ಅವರ ಆರಾಧನೆ. ಸರಳ ಉಡುಪು, ಸತ್ಯವಾದ ಮಾತು ಅವರ ಹೆಗ್ಗುರುತು. ಆದರೂ ಅವರಲ್ಲಿ ಅನೇಕರ ಮನೆಗಳಲ್ಲಿ ಆಫ್ರಿಕಾ ಮೂಲದ ಗುಲಾಮರಿದ್ದರು.

ವುಲ್ಮನ್ ತರುಣನಾಗಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಗ ಮಾಲೀಕ ಒಬ್ಬ ಕಪ್ಪು ಹೆಂಗಸನ್ನು ಮಾರಿದ. ಕ್ರಯಪತ್ರ ಬರೆಯೆಂದು ಈತನಿಗೆ ಹೇಳಿದ. ಕೊಳ್ಳುವವನು ಎದುರಿಗೇ ಕಾದಿದ್ದ. ವುಲ್ಮನ್ ಬರೆದುಕೊಟ್ಟ, ಆದರೆ ಇದು ಕ್ರೈಸ್ತ ಧರ್ಮಕ್ಕೆ ಒಪ್ಪುವ ಕೆಲಸವಲ್ಲ ಎಂದು ಇಬ್ಬರಿಗೂ ಹೇಳಿದ. ಹೇಳಿದ್ದರಿಂದ ಮನಸ್ಸಿನ ಭಾರ ಇಳಿಯಲಿಲ್ಲ. ಮುಂದೆ ಅಂಥ ಪತ್ರಗಳನ್ನು ಬರೆಯಲು ಒಪ್ಪಲಿಲ್ಲ. ಒಮ್ಮೆ ನೆರೆಯವನೊಬ್ಬನ ಉಯಿಲಿನಲ್ಲಿ ಗುಲಾಮಳ ವಿಷಯವೊಂದನ್ನು ಬಿಟ್ಟು ಉಳಿದುದನ್ನೆಲ್ಲ ಬರೆದ. ಮಾತುಕತೆಯ ನಂತರ ಆ ನೆರೆಯವನು ಅವಳನ್ನು ಬಿಡುಗಡೆ ಮಾಡಲು ಒಪ್ಪಿದ, ಉಯಿಲು ಪೂರ್ಣವಾಯಿತು. ವುಲ್ಮನ್ ಜಗಳವಾಡಲಿಲ್ಲ, ಸುಮ್ಮನೆಯೂ ಇರಲಿಲ್ಲ.

ಸ್ವಂತ ವ್ಯಾಪಾರ ಬೆಳೆದು ಮನಸ್ಸನ್ನೆಲ್ಲ ಕಟ್ಟಿಹಾಕತೊಡಗಿದಾಗ ಅದನ್ನು ಬಿಟ್ಟು ಹೊಲಿಗೆ ಕೆಲಸ, ಸೇಬಿನ ತೋಟಗಳಷ್ಟಕ್ಕೆ ನಿಂತ. ವೆಸ್ಟ್ ಇಂಡೀಸಿನ ಸಕ್ಕರೆ ಗುಲಾಮರ ದುಡಿಮೆಯದೆಂದು ಅದನ್ನು ತ್ಯಜಿಸಿದ. 1757ರಲ್ಲಿ ದಕ್ಷಿಣದ ವಸಾಹತುಗಳಲ್ಲಿ ಸಂಚರಿಸುವಾಗ, ಗುಲಾಮರು ದುಡಿಯುವ ಮನೆಗಳಲ್ಲಿ ಪುಕ್ಕಟೆ ಆತಿಥ್ಯ ಬೇಡವೆಂದು ಅವರಿಗಾಗಿ ಹಣ ಕೊಟ್ಟ. ಬಣ್ಣ ಹಾಕಿದ ಬಟ್ಟೆಯನ್ನೂ ಬಿಟ್ಟ. ಬಣ್ಣ ಕೊಳೆಯನ್ನು ಮರೆಮಾಡುತ್ತದೆ. ಕೊಳೆಯನ್ನು ತೊಳೆಯಬೇಕೇ ಹೊರತು ಮುಚ್ಚಬಾರದು ಎಂಬುದು ಅವನ ಆಲೋಚನೆ. ಆಗ ಬಿಳಿ ಟೋಪಿ ಶೋಕಿಯಾಗಿದ್ದುದರಿಂದ, ಇವನೂ ಶೋಕಿಗೆ ಬಿದ್ದನೇ ಎಂದು ಕೆಲವರು ಅನುಮಾನಪಟ್ಟರು!

1772ರಲ್ಲಿ ಇಂಗ್ಲೆಂಡಿಗೆ ಹೋದಾಗ ಹಡಗಿನಲ್ಲಿ ನಾವಿಕರ ಜೊತೆಗಿದ್ದ. ಸಾರೋಟುಗಳ ವೇಗಕ್ಕೆ ಕುದುರೆಗಳು ಸಾಯುತ್ತವೆ, ಹುಡುಗರು ಚಳಿಗೆ ನರಳುತ್ತಾರೆಂದು ತಿಳಿದು ನಡೆದೇ ಸಾಗಿದ. ಅದೇ ಅಕ್ಟೋಬರಿನಲ್ಲಿ ಯಾರ್ಕ್ ನಗರದಲ್ಲಿ ಸಿಡುಬಿನಿಂದ ತೀರಿಕೊಂಡ. ನಾಲ್ಕು ವರ್ಷಗಳ ಬಳಿಕ, 1776ರಲ್ಲಿ, ಫಿಲಡೆಲ್ಫಿಯಾದ ಕ್ವೇಕರರ ವಾರ್ಷಿಕ ಸಭೆ ತನ್ನ ಸದಸ್ಯರು ಗುಲಾಮರನ್ನು ಇಟ್ಟುಕೊಳ್ಳುವುದನ್ನು ನಿಷೇಧಿಸಿತು. ಇದು ಅವನೊಬ್ಬನ ಸಾಧನೆಯಲ್ಲ. ಅವನ ಪಾಲು ಅದರಲ್ಲಿ ದೊಡ್ಡದು.

ಇಂಥ ಶುದ್ಧಿಯಲ್ಲಿ ಒಂದು ಅಪಾಯವೂ ಉಂಟು. ತಾನೊಬ್ಬನೇ ಶುದ್ಧ ಎಂಬ ಗರ್ವ ಬಂದರೆ ಅದೂ ಹಳೆಯ ಮಡಿಯೇ ಆಗುತ್ತದೆ. ವುಲ್ಮನ್ ಗುಲಾಮರ ಒಡೆಯರನ್ನು ದೂರವಿಡಲಿಲ್ಲ. ಅವರ ಮನೆಗೇ ಹೋಗಿ, ಎದುರು ಕುಳಿತು ಮಾತನಾಡಿದ. ಮಡಿ ಜನರನ್ನು ದೂರ ಸರಿಸುತ್ತದೆ. ಅವನ ಶುದ್ಧಿ ಅವನನ್ನು ಜನರ ಬಳಿಗೆ ಕರೆದೊಯ್ದಿತು.

ಯಾಕೋಬನ ಪತ್ರಿಕೆಯ ಮೊದಲ ಅಧ್ಯಾಯವೂ ನಿರ್ಮಲ ಭಕ್ತಿಯನ್ನು ವಿವರಿಸುವಾಗ ವಿಧವೆಯರ, ಅನಾಥರ ಆರೈಕೆಯನ್ನೂ ಲೋಕದ ಕಳಂಕ ತಗಲದ ಬಾಳನ್ನೂ ಒಟ್ಟಿಗೇ ಹೇಳುತ್ತದೆ. ಭಾನುವಾರದ ಆರಾಧನೆಗೆ ಇಸ್ತ್ರಿ ಬಟ್ಟೆ ತೊಡುವ ನಾವು, ಅದನ್ನು ಒಗೆದವರಿಗೆ ಕೊಟ್ಟ ಕೂಲಿ ನ್ಯಾಯವಾದುದೇ ಎಂದು ಶನಿವಾರವೇ ಕೇಳಿಕೊಳ್ಳಬೇಕು. ಹೃದಯದ ಲೆಕ್ಕವನ್ನು ದೇವರು ನೋಡಿಕೊಳ್ಳುತ್ತಾನೆ. ಕೂಲಿಯ ಲೆಕ್ಕ ನಮ್ಮ ಕೈಯಲ್ಲಿದೆ.